ಹಗುರ ಕಿಟ್ ಕಾರಿಗೆ ಬೇರೆ ಎಂಜಿನ್: ಕೊಳ್ಳುವ ಮುನ್ನ ಅಳೆಯಬೇಕಾದದ್ದು

ಪ್ರಶ್ನೆ: ಬಿಡಿಭಾಗಗಳಿಂದ ಜೋಡಿಸಿದ, ಲೋಟಸ್ ಸೆವೆನ್ ಮಾದರಿಯ ಎರಡು ಸೀಟಿನ ಕಾರು ನನ್ನದು. ಅದರಲ್ಲಿ ಫೋರ್ಡ್‌ನ ಹಳೆಯ 1600 ಸಿಸಿ ಕ್ರಾಸ್‌ಫ್ಲೋ ಎಂಜಿನ್, ಕಾರ್ಬ್ಯುರೇಟರ್, ನಾಲ್ಕು ಗೇರಿನ ಗೇರ್‌ಬಾಕ್ಸ್ ಹಾಗೂ ಎಸ್ಕಾರ್ಟ್ ಕಾರಿನ ಹಿಂದಿನ ಆಕ್ಸಲ್ ಇವೆ. ಕಾರಿನ ತೂಕ ಸುಮಾರು 560 ಕೆ.ಜಿ. ಫೋರ್ಡ್‌ನ 2 ಲೀಟರ್ ಡ್ಯುರಾಟೆಕ್ ಎಂಜಿನ್ ಕೂರಿಸಬೇಕೆಂದಿದ್ದೇನೆ. ಸುಜುಕಿ ಹಯಾಬುಸಾ ಬೈಕಿನ ಎಂಜಿನ್ ಇನ್ನೂ ಉತ್ತಮ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಕಾರನ್ನು ಹೆಚ್ಚಾಗಿ ರಸ್ತೆಯಲ್ಲಿ, ಅಪರೂಪಕ್ಕೆ ಟ್ರ್ಯಾಕಿನಲ್ಲಿ ಓಡಿಸುತ್ತೇನೆ. ಯಾವುದನ್ನು ಆರಿಸಲಿ? ಕೆಲಸವನ್ನು ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಬಳಕೆಗೆ ಡ್ಯುರಾಟೆಕ್ ಸರಿಯಾದ ಆಯ್ಕೆ. ಬೈಕ್ ಎಂಜಿನ್ ಏಕೆ ಬೇಡ ಎಂಬುದನ್ನು ಮುಂದೆ ವಿವರಿಸುತ್ತೇನೆ. ಆದರೆ ದಯವಿಟ್ಟು ಎಂಜಿನ್ನಿಗೆ ಈಗಲೇ ಹಣ ಕೊಡಬೇಡಿ. ಇಂಥ ಹಗುರ ಕಾರಿನಲ್ಲಿ ಎಂಜಿನ್ ಬದಲಿಸುವುದೆಂದರೆ ಎಂಜಿನ್ನಿನ ಜೊತೆಗೆ ಸಂಪ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ), ಬೆಲ್ ಹೌಸಿಂಗ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕೂಡಿಸುವ ಕವಚ), ಕ್ಲಚ್, ಗೇರ್‌ಬಾಕ್ಸ್, ನೀರಿನ ಕೊಳವೆಗಳು, ಪೆಟ್ರೋಲ್ ಪಂಪು, ವೈರಿಂಗ್ ಮತ್ತು ಹಲವೊಮ್ಮೆ ಹಿಂದಿನ ಆಕ್ಸಲನ್ನೂ ಬದಲಿಸುವುದು ಎಂದೇ ಅರ್ಥ. ಅರ್ಧಕ್ಕೆ ನಿಂತುಹೋದ ಇಂಥ ಎಷ್ಟೋ ಕಾರುಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಎಂಜಿನ್ನೇ ಕೆಟ್ಟದ್ದೆಂದು ಕೆಲಸ ನಿಂತದ್ದು ತೀರ ಕಡಿಮೆ. ಎಂಜಿನ್ನಿಗೂ ಕಾರಿಗೂ ನಡುವಿನ ಹತ್ತಾರು ಸಣ್ಣ ಜೋಡಣೆಗಳನ್ನು ಮೊದಲೇ ಲೆಕ್ಕ ಹಾಕದೆ ನಿಂತವೇ ಹೆಚ್ಚು.

ಮೊದಲು ತೂಕದ ಮಾತು. ಕಾಲಿನ್ ಚಾಪ್ಮನ್ ಅವರು 1957ರಲ್ಲಿ ಹೊರತಂದ ಲೋಟಸ್ ಸೆವೆನ್, ಸಾಧಾರಣ ಎಂಜಿನ್ನಿನಿಂದಲೇ ವೇಗದ ಕಾರೆನಿಸಿಕೊಂಡದ್ದು ಅದರ ಹಗುರತನದಿಂದ. 1973ರಿಂದ ಕೇಟರ್‌ಹ್ಯಾಮ್ ಆ ವಿನ್ಯಾಸವನ್ನು ಮುಂದುವರಿಸಿದಾಗಲೂ, ಬೇರೆ ಬೇರೆ ತಯಾರಕರು ಅದೇ ಮಾದರಿಯ ಕಿಟ್‌ಗಳನ್ನು ಮಾಡಿದಾಗಲೂ ಮೂಲ ತತ್ತ್ವ ಬದಲಾಗಲಿಲ್ಲ. ನಿಮ್ಮ ಕ್ರಾಸ್‌ಫ್ಲೋ ಸುಮಾರು 85 ಅಶ್ವಶಕ್ತಿ ಕೊಡುತ್ತಿದೆ ಎಂದಿಟ್ಟುಕೊಳ್ಳಿ. 80 ಕೆ.ಜಿ.ಯ ಚಾಲಕನೂ ಸೇರಿ 640 ಕೆ.ಜಿ.ಗೆ ಅದು ಟನ್ನಿಗೆ ಸುಮಾರು 133 ಅಶ್ವಶಕ್ತಿಯಾಯಿತು. ಫೋರ್ಡ್ ಫೋಕಸ್ ಕಾರಿನಲ್ಲಿ 145 ಅಶ್ವಶಕ್ತಿ ಕೊಡುತ್ತಿದ್ದ 2 ಲೀಟರ್ ಡ್ಯುರಾಟೆಕ್ಕನ್ನು ಏನೂ ಮಾರ್ಪಡಿಸದೆ ಕೂರಿಸಿದರೆ ಅದು ಟನ್ನಿಗೆ 225 ದಾಟುತ್ತದೆ. ರಸ್ತೆಯ ಮೇಲೆ ಇಷ್ಟು ಸಾಕು, ಬೇಕಾದಷ್ಟೇ ಆಯಿತು. ಆದ್ದರಿಂದ ಹೆಚ್ಚು ಶಕ್ತಿಗೆಂದು ಹಾಕುವ ರೇಸ್ ಕ್ಯಾಮ್ ಶಾಫ್ಟ್, ರೇಸ್ ಪಿಸ್ಟನ್ ಮುಂತಾದವುಗಳ ಮೇಲೆ ಇಟ್ಟುಕೊಂಡ ಹಣವನ್ನು ಒಳ್ಳೆಯ ಸಂಪ್ ಮತ್ತು ಒಳ್ಳೆಯ ಬೆಲ್ ಹೌಸಿಂಗಿಗೆ ತಿರುಗಿಸಿ.

ಶಕ್ತಿಯ ಅಂಕಿಯೊಂದನ್ನೇ ನೋಡುವವರು ಫೋರ್ಡ್‌ನ ಹಳೆಯ 2 ಲೀಟರ್ ಝೆಟೆಕ್ ಎಂಜಿನ್ನೂ ಡ್ಯುರಾಟೆಕ್ಕೂ ಹೆಚ್ಚುಕಡಿಮೆ ಒಂದೇ ಎಂದುಕೊಳ್ಳುತ್ತಾರೆ. ಝೆಟೆಕ್ ಗಟ್ಟಿಮುಟ್ಟು, ಅಗ್ಗ, ಬಿಡಿಭಾಗಗಳೂ ಹೇರಳ. ಆದರೆ ಅದರ ಬ್ಲಾಕ್ (ಸಿಲಿಂಡರುಗಳಿರುವ ಮುಖ್ಯ ಭಾಗ) ಎರಕದ ಕಬ್ಬಿಣದ್ದು. ಡ್ಯುರಾಟೆಕ್ಕಿನ ಬ್ಲಾಕೂ ಅದರ ಮೇಲೆ ಕೂರುವ ಹೆಡ್ಡೂ ಅಲ್ಯೂಮಿನಿಯಮ್ಮಿನವು. ಮುಂಭಾಗದಲ್ಲಿ ಇಪ್ಪತ್ತು ಮೂವತ್ತು ಕೆ.ಜಿ. ಹೆಚ್ಚಾದರೆ ದೊಡ್ಡ ಸೆಡಾನಿನಲ್ಲಿ ಗೊತ್ತೇ ಆಗದು, ನಿಮ್ಮ ಕಾರಿನಲ್ಲಿ ಮೊದಲ ತಿರುವಿನಲ್ಲೇ ಸ್ಟೀರಿಂಗ್ ಅದನ್ನು ಹೇಳುತ್ತದೆ. ಅಲ್ಯೂಮಿನಿಯಮ್ಮಿನದ್ದೇ ಆದ ರೋವರ್ ಕೆ ಸೀರೀಸ್ ಇನ್ನೂ ಚಿಕ್ಕದು, ಹಗುರ. ಆದರೆ ಹೆಡ್ಡಿನಿಂದ, ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಕೆಳಗಿನ ಬೇರಿಂಗ್ ಚೌಕಟ್ಟಿನವರೆಗೆ ಉದ್ದನೆಯ ಬೋಲ್ಟುಗಳು ಇಡೀ ಎಂಜಿನ್ನನ್ನು ಹಿಡಿದಿಡುವ ಆ ವಿನ್ಯಾಸದಲ್ಲಿ ಹೆಡ್ ಗ್ಯಾಸ್ಕೆಟ್ ಸೋರುವ ತೊಂದರೆ ಎಲ್ಲರಿಗೂ ಗೊತ್ತಿರುವಂಥದ್ದು. ಅದನ್ನು ಬಲ್ಲವರಿಂದಲೇ ಜೋಡಿಸಿಕೊಳ್ಳಬೇಕು. ಹೋಂಡಾ ಎಂಜಿನ್ನುಗಳ ಬಗ್ಗೆ ಒಂದು ಎಚ್ಚರಿಕೆ: ಹಳೆಯ ಬಿ ಸೀರೀಸ್ ಎಂಜಿನ್ನುಗಳ ಕ್ರ್ಯಾಂಕ್ ಶಾಫ್ಟ್ ಉಳಿದ ಬಹುಪಾಲು ಎಂಜಿನ್ನುಗಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಸಾಮಾನ್ಯ ಹಿಂಚಕ್ರ ಚಾಲನೆಯ ಗೇರ್‌ಬಾಕ್ಸಿಗೆ ಜೋಡಿಸಿದರೆ ಕಾರು ಎಲ್ಲ ಮುಂದಿನ ಗೇರುಗಳಲ್ಲೂ ಹಿಂದಕ್ಕೆ ಹೋಗುತ್ತದೆ. ಹೋಂಡಾದ್ದೇ ಆದ ಕೆ ಸೀರೀಸ್‌ನಲ್ಲಿ ಈ ತೊಡಕಿಲ್ಲ.

ಇನ್ನು ಜಾಗ. ಅಳತೆಗೆ ನಿಜವಾದ ಎಂಜಿನ್ನೇ ಬೇಕಿಲ್ಲ. ಒಡೆದ ಅಥವಾ ಸವೆದುಹೋದ ಖಾಲಿ ಬ್ಲಾಕ್ ಮತ್ತು ಹೆಡ್ ಗುಜರಿಯಲ್ಲಿ ಸಿಕ್ಕರೆ ಅದೇ ಸಾಕು. ಅದನ್ನು ಎಂಜಿನ್ ಕೋಣೆಯಲ್ಲಿ ತೂಗುಹಾಕಿ, ಕೆಳಗೆ ಮರದ ತುಂಡುಗಳನ್ನು ಕೊಟ್ಟು, ಎತ್ತರ ಮತ್ತು ಓರೆಯನ್ನು ಹೊಂದಿಸಿ. ಬಾನೆಟ್ಟಿನ ಒಳಮೈಗೆ ತಾಗುವಂತಿರುವ ಕಡೆಗಳಲ್ಲಿ ಮೆತ್ತನೆಯ ಜೇಡಿಮಣ್ಣಿನ ಉಂಡೆಗಳನ್ನಿಟ್ಟು ಬಾನೆಟ್ ಮುಚ್ಚಿ ತೆಗೆದರೆ, ಚಪ್ಪಟೆಯಾದ ಉಂಡೆಯ ದಪ್ಪ ಎಷ್ಟಿದೆಯೋ ಅಷ್ಟೇ ಉಳಿದಿರುವ ಜಾಗ. ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಅಲುಗಾಡುವುದನ್ನೂ ನೆನಪಿಟ್ಟು ಎಲ್ಲ ಕಡೆ ಕನಿಷ್ಠ 15 ಮಿ.ಮೀ. ಬಿಡಿ. ಸ್ಟೀರಿಂಗ್ ಶಾಫ್ಟ್ ಇರುವ ಕಡೆ ಎಕ್ಸಾಸ್ಟ್ ಬರುತ್ತದೆಯೇ ಎಂಬುದು ಆಗಲೇ ಗೊತ್ತಾಗಬೇಕು. ಇದನ್ನು ಎಂಜಿನ್ ನೋಡುವ ಮೊದಲೇ ತಿಳಿಯುವ ಸುಲಭ ದಾರಿಯೊಂದಿದೆ. ಮೂಲ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು, ಗೇರ್‌ಬಾಕ್ಸ್ ಚಾಲಕನ ಎಡಗಡೆಗೆ ಇದ್ದಿದ್ದರೆ, ಅದನ್ನು ಉದ್ದಕ್ಕೆ ತಿರುಗಿಸಿದಾಗ ಅದರ ಮುಂಬದಿ ನಿಮ್ಮ ಕಾರಿನ ಎಡಬದಿಯಾಗುತ್ತದೆ, ಹಿಂಬದಿ ಬಲಬದಿಯಾಗುತ್ತದೆ. ಗೇರ್‌ಬಾಕ್ಸ್ ಬಲಗಡೆಗೆ ಇದ್ದಿದ್ದರೆ ಇದು ತಿರುವುಮುರುವು. ಎಕ್ಸಾಸ್ಟ್ ಯಾವ ಬದಿಯಲ್ಲಿತ್ತು ಎಂಬುದನ್ನು ಇದರ ಜೊತೆ ಇಟ್ಟು ನೋಡಿದರೆ, ಪೈಪು ನಿಮ್ಮ ಸ್ಟೀರಿಂಗ್ ಕಡೆಗೆ ಬರುತ್ತದೆಯೋ ಇಲ್ಲವೋ ಎಂಬುದು ಕಾಗದದ ಮೇಲೆಯೇ ತೀರ್ಮಾನವಾಗುತ್ತದೆ.

ಡ್ಯುರಾಟೆಕ್ ಎತ್ತರದ ಎಂಜಿನ್. ಅದರ ಮೂಲ ಸಂಪ್‌ನೊಂದಿಗೆ ನಿಮ್ಮ ಚಾಸಿಯಲ್ಲಿ ಕೂರಿಸಿದರೆ ಒಂದೋ ಮೇಲೆ ಬಾನೆಟ್ ಮುಚ್ಚುವುದಿಲ್ಲ, ಇಲ್ಲವೇ ಕೆಳಗೆ ಸಂಪ್ ರಸ್ತೆಗೆ ಬಡಿಯುತ್ತದೆ. ಚಾಸಿಯ ಕೊಳವೆಗಳಿಗಿಂತ ಕೆಳಗೆ ಸಂಪ್ ಇಳಿಯಲೇಬಾರದು. ಹಾಗಾಗಿ ಈ ಮಾದರಿಯ ಕಾರುಗಳಿಗೆಂದೇ ಮಾಡಿದ, ಆಳ ಕಡಿಮೆಯಾದ ಅಲ್ಯೂಮಿನಿಯಂ ಸಂಪ್ ಬೇಕು. ಸಂಪ್ ಆಳ ಕಡಿಮೆಯಾದಂತೆ ಅಗಲವಾಗುತ್ತದೆ, ಅಗಲವಾದಂತೆ ಆಯಿಲ್ ಪಕ್ಕಕ್ಕೆ ಓಡುವುದೂ ಹೆಚ್ಚುತ್ತದೆ. ನಿಮ್ಮ ಕಾರು ಒಳ್ಳೆಯ ಟೈರುಗಳ ಮೇಲೆ ತಿರುವಿನಲ್ಲಿ 1 ಜಿ, ಅಂದರೆ ಗುರುತ್ವದಷ್ಟೇ, ಪಕ್ಕದ ಎಳೆತ ಉಂಟುಮಾಡಬಲ್ಲದು. ಆಗ ಸಂಪ್‌ನೊಳಗಿನ ಆಯಿಲಿನ ಮೇಲ್ಮೈ ಸರಿಯಾಗಿ 45 ಡಿಗ್ರಿ ಓರೆಯಾಗುತ್ತದೆ. ತಟ್ಟೆಯಲ್ಲಿ ನೀರು ತುಂಬಿ ಅಷ್ಟು ಓರೆ ಹಿಡಿದರೆ ಏನಾಗುತ್ತದೋ ಅದೇ ಅಲ್ಲಿಯೂ ಆಗುತ್ತದೆ: ಆಯಿಲ್ ಹೀರುವ ಕೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ, ಒತ್ತಡ ಬೀಳುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಬೇರಿಂಗ್ ಸುಟ್ಟುಹೋಗಬಹುದು. ಆದ್ದರಿಂದ ಒಳಗೆ ಅಡ್ಡಗೋಡೆಗಳಿರುವ, ಆಯಿಲನ್ನು ನಡುವಿಗೆ ಬರಲು ಬಿಟ್ಟು ಹೊರಗೆ ಹೋಗದಂತೆ ತಡೆಯುವ ಸಣ್ಣ ಬಾಗಿಲುಗಳಿರುವ ಸಂಪನ್ನೇ ಕೊಳ್ಳಿ. ಹೀರುಕೊಳವೆಯ ಬಾಯಿಗೂ ಸಂಪ್‌ನ ತಳಕ್ಕೂ 6ರಿಂದ 10 ಮಿ.ಮೀ. ಅಂತರವಿರಲಿ. ಇದನ್ನೂ ಜೇಡಿಮಣ್ಣಿನಿಂದಲೇ ಅಳೆಯಬಹುದು. ಟ್ರ್ಯಾಕಿನ ಬಳಕೆ ಮುಂದೆ ಹೆಚ್ಚಾಗುವಂತಿದ್ದರೆ ಡ್ರೈ ಸಂಪ್ (ಆಯಿಲನ್ನು ಎಂಜಿನ್ನಿನ ಕೆಳಗಿಡದೆ ಬೇರೆ ಟ್ಯಾಂಕಿನಲ್ಲಿಡುವ ವ್ಯವಸ್ಥೆ) ಬಗ್ಗೆ ಯೋಚಿಸಿ. ಅದು ದುಬಾರಿ, ಆದರೆ ಎಂಜಿನ್ನನ್ನು ಇನ್ನಷ್ಟು ಕೆಳಗೆ ಕೂರಿಸಲು ಅವಕಾಶ ಕೊಡುತ್ತದೆ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ: ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದೇ ನೇರದಲ್ಲಿ ಕೂಡಿಸುವುದು. ಡ್ಯುರಾಟೆಕ್ಕಿಗೆ ಫೋರ್ಡ್ ಟೈಪ್ 9 ಎಂಬ ಐದು ಗೇರಿನ ಗೇರ್‌ಬಾಕ್ಸ್ ಜೋಡಿಸಲು ಸಿದ್ಧ ಬೆಲ್ ಹೌಸಿಂಗ್‌ಗಳು ದೊರೆಯುತ್ತವೆ. ಅದನ್ನೇ ಕೊಳ್ಳಿ. ಹಣ ಉಳಿಸಲು ಲೇತ್ ಅಂಗಡಿಯಲ್ಲಿ ಎರಡನ್ನೂ ಜೋಡಿಸುವ ಅಡಾಪ್ಟರ್ ಪ್ಲೇಟ್ ಮಾಡಿಸುವುದು ತಪ್ಪಲ್ಲ, ಆದರೆ ಅಳೆಯದೆ ಬಿಗಿಯುವುದು ತಪ್ಪು. ಹಲವು ವರ್ಷಗಳ ಹಿಂದೆ ನಾನೇ ಆ ತಪ್ಪು ಮಾಡಿದ್ದೆ. ಪ್ಲೇಟ್ ನೋಡಲು ಅಚ್ಚುಕಟ್ಟಾಗಿತ್ತು, ಬೋಲ್ಟುಗಳೆಲ್ಲ ಸಲೀಸಾಗಿ ಕೂತವು, ಕಾರೂ ಓಡಿತು. ಸುಮಾರು ಮೂರು ಸಾವಿರ ಕಿಲೋಮೀಟರಿನ ಹೊತ್ತಿಗೆ ಕ್ಲಚ್ ಬಿಟ್ಟು ನಿಂತಾಗ ಗೇರ್‌ಬಾಕ್ಸಿನ ಮುಂಭಾಗದಿಂದ ಗುರುಗುಟ್ಟುವ ಸದ್ದು ಆರಂಭವಾಯಿತು. ಕ್ಲಚ್ ಒತ್ತಿದರೆ ನಿಲ್ಲುತ್ತಿತ್ತು. ಬಿಚ್ಚಿ ನೋಡಿದಾಗ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಹಲ್ಲುಗಳ ಮೇಲೆ ಕುಂಕುಮದಷ್ಟು ನುಣ್ಣಗಿನ ಕೆಂಗಂದು ಪುಡಿ ಕೂತಿತ್ತು. ಕ್ಲಚ್ ಪ್ಲೇಟಿನ ಹಲ್ಲುಗಳು ಒಂದೇ ಬದಿಗೆ ಸವೆದಿದ್ದವು. ಎರಡು ಅಕ್ಷಗಳು ಹೊಂದಿಕೆಯಾಗದೆ, ಕಬ್ಬಿಣ ಕಬ್ಬಿಣವನ್ನು ಪ್ರತಿ ಸುತ್ತಿನಲ್ಲೂ ಉಜ್ಜಿ ಆದ ತುಕ್ಕಿನ ಪುಡಿ ಅದು. ಆಮೇಲೆ ಡಯಲ್ ಗೇಜಿನಿಂದ (ಸೂಕ್ಷ್ಮ ವ್ಯತ್ಯಾಸವನ್ನು ಸೂಜಿಯಿಂದ ತೋರಿಸುವ ಅಳತೆಯ ಉಪಕರಣ) ಅಳೆದಾಗ ಸೂಜಿ 0.4 ಮಿ.ಮೀ. ಓಡಾಡಿತು.

ಅಳೆಯುವ ಕ್ರಮ ಕಷ್ಟದ್ದೇನಲ್ಲ. ಗೇರ್‌ಬಾಕ್ಸ್ ಇಲ್ಲದೆ ಬೆಲ್ ಹೌಸಿಂಗ್ ಒಂದನ್ನೇ ಎಂಜಿನ್ನಿಗೆ ಬಿಗಿಯಿರಿ. ಫ್ಲೈವೀಲಿನ ಮೇಲೆ ಕಾಂತದ ಸ್ಟ್ಯಾಂಡಿನಲ್ಲಿ ಡಯಲ್ ಗೇಜ್ ನಿಲ್ಲಿಸಿ, ಅದರ ಮೊನೆಯನ್ನು ಬೆಲ್ ಹೌಸಿಂಗಿನ ನಡುವಿನ ದುಂಡು ರಂಧ್ರದ ಒಳಗೋಡೆಗೆ ತಾಗಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಸೂಜಿಯ ಒಟ್ಟು ಓಡಾಟ 0.1 ಮಿ.ಮೀ. ಆಸುಪಾಸಿನಲ್ಲಿದ್ದರೆ ಚೆನ್ನ. ಎರಡು ಅಕ್ಷಗಳ ನಡುವಿನ ನಿಜವಾದ ವ್ಯತ್ಯಾಸ ಆ ಓಡಾಟದ ಅರ್ಧದಷ್ಟು ಎಂಬುದು ನೆನಪಿರಲಿ. ಬಳಿಕ ಮೊನೆಯನ್ನು ಗೇರ್‌ಬಾಕ್ಸ್ ಕೂರುವ ಹಿಂಮೈಗೆ ತಾಗಿಸಿ ಇನ್ನೊಂದು ಸುತ್ತು. ಆ ಮೈ ಓರೆಯಾಗಿದ್ದರೂ ತೊಂದರೆ ಇದೇ. ಸ್ಥಾನವನ್ನು ನಿರ್ಧರಿಸುವುದು ಡವೆಲ್ ಪಿನ್ನುಗಳು, ಬೋಲ್ಟುಗಳು ಹಿಡಿದಿಡುತ್ತವೆ ಅಷ್ಟೆ. ಹಾಗಾಗಿ ಪಿನ್ನುಗಳನ್ನು ಬಿಟ್ಟು ಜೋಡಿಸಲೇಬೇಡಿ. ಇನ್ನೊಂದು ವಿಷಯ: ಮುಂಚಕ್ರ ಚಾಲನೆಯ ಕಾರುಗಳಿಂದ ಬರುವ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಹಿಂತುದಿಗೆ ಇನ್‌ಪುಟ್ ಶಾಫ್ಟಿನ ಮೂತಿಯನ್ನು ಹಿಡಿಯುವ ಚಿಕ್ಕ ಸ್ಪಿಗಟ್ ಬೇರಿಂಗ್ ಸಾಮಾನ್ಯವಾಗಿ ಇರುವುದಿಲ್ಲ. ಟೈಪ್ 9ಗೆ ಅದು ಬೇಕೇ ಬೇಕು.

ಗೇರ್‌ಬಾಕ್ಸಿನ ಆಯ್ಕೆ ಹಿಂದಿನ ಆಕ್ಸಲಿನ ಆಯುಷ್ಯವನ್ನು ಎಂಜಿನ್ನಿಗಿಂತ ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ನಿಮ್ಮ ಈಗಿನ ಗೇರ್‌ಬಾಕ್ಸ್ ಫೋರ್ಡ್ 2000ಇ ಆಗಿದ್ದರೆ ಅದರ ಮೊದಲ ಗೇರಿನ ಅನುಪಾತ 2.97. ಕ್ರಾಸ್‌ಫ್ಲೋ ಸುಮಾರು 125 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ, 3.9 ಅನುಪಾತದ ಆಕ್ಸಲಿನ ಮೂಲಕ ಚಕ್ರಗಳಿಗೆ ತಲುಪುವುದು ಸುಮಾರು 1,450. ಡ್ಯುರಾಟೆಕ್ಕಿನ 185 ನ್ಯೂಟನ್ ಮೀಟರನ್ನು ನಾಲ್ಕು ಸಿಲಿಂಡರ್ ಕಾರುಗಳ ಟೈಪ್ 9ರ 3.65 ಅನುಪಾತದ ಮೊದಲ ಗೇರಿನ ಮೂಲಕ ಕಳಿಸಿದರೆ ಅದೇ ಆಕ್ಸಲಿನಲ್ಲಿ 2,630 ಆಗುತ್ತದೆ. ಎಂಜಿನ್ನಿನ ಟಾರ್ಕ್ ಏರಿದ್ದು ಒಂದೂವರೆ ಪಟ್ಟು, ಹಾಫ್ ಶಾಫ್ಟುಗಳ (ಆಕ್ಸಲಿನೊಳಗೆ ಚಕ್ರಗಳನ್ನು ತಿರುಗಿಸುವ ದಂಡಗಳು) ಮೇಲಿನ ಹೊರೆ ಏರಿದ್ದು ಒಂದು ಮುಕ್ಕಾಲು ಪಟ್ಟಿಗೂ ಮೇಲೆ. ಅದರ ಮೇಲೆ, ಚಕ್ರದ ಸುತ್ತಳತೆ 1.8 ಮೀಟರ್ ಎಂದಿಟ್ಟುಕೊಂಡರೆ, ಇಷ್ಟು ಗಿಡ್ಡ ಮೊದಲ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 7,000 ಸುತ್ತು ತಿರುಗಿದರೂ ಕಾರು ಗಂಟೆಗೆ 53 ಕಿಲೋಮೀಟರ್ ದಾಟುವುದಿಲ್ಲ. ಹಗುರ ಕಾರಿಗೆ ಇದು ಶುದ್ಧ ವ್ಯರ್ಥ. ವಿ6 ಕಾರುಗಳಿಂದ ಬರುವ ಟೈಪ್ 9ರಲ್ಲಿ ಮೊದಲ ಗೇರು 3.36. ಅದನ್ನೂ ಆಕ್ಸಲಿನೊಳಗೆ 3.9ರ ಬದಲು 3.54 ಅನುಪಾತದ ಡಿಫರೆನ್ಷಿಯಲ್ಲನ್ನೂ ಒಟ್ಟಿಗೆ ಬಳಸಿದರೆ ಚಕ್ರಗಳ ಟಾರ್ಕ್ 2,200ಕ್ಕೆ ಇಳಿಯುತ್ತದೆ, ಮೊದಲ ಗೇರೂ ಉಪಯೋಗಕ್ಕೆ ಬರುತ್ತದೆ. ಅಂಟು ಟೈರುಗಳನ್ನು ಹಾಕಿ ನಿಂತಲ್ಲಿಂದ ಕ್ಲಚ್ ಹಾರಿಸಿ ಹೊರಡುವ ಅಭ್ಯಾಸವಿಲ್ಲದಿದ್ದರೆ ನಿಮ್ಮ ಆಕ್ಸಲ್ ಇದನ್ನು ತಾಳಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೂ ಹಳೆಯ ಹಾಫ್ ಶಾಫ್ಟುಗಳನ್ನು ಹೊರತೆಗೆದು, ಹಲ್ಲುಗಳು ತಿರುಚಿಕೊಂಡಿವೆಯೇ ಎಂದು ನೋಡಿ.

ಡ್ಯುರಾಟೆಕ್ಕಿನದ್ದೇ ಆದ ಎರಡು ಗುಣಗಳನ್ನು ಹೇಳಲೇಬೇಕು. ಮೊದಲನೆಯದು, ಅದರ ಮುಂದಿನ ಕ್ರ್ಯಾಂಕ್ ಪುಲ್ಲಿಗೂ ಟೈಮಿಂಗ್ ಚೈನಿನ ಸ್ಪ್ರಾಕೆಟ್ಟಿಗೂ ಜಾರದಂತೆ ಹಿಡಿಯುವ ಲೋಹದ ಕೀಲಿಯಿಲ್ಲ. ನಡುವಿನ ಬೋಲ್ಟಿನ ಬಿಗಿತವೊಂದರಿಂದಲೇ ಅವು ಕ್ರ್ಯಾಂಕಿಗೆ ಅಂಟಿಕೊಂಡಿರುತ್ತವೆ. ಪುಲ್ಲಿ ಬದಲಿಸಲೆಂದು ಯಾರೋ ಆ ಬೋಲ್ಟ್ ಸಡಿಲಿಸಿದರೆ ಆ ಕ್ಷಣವೇ ವಾಲ್ವುಗಳ ಟೈಮಿಂಗ್ ಕಳೆದುಹೋಗುತ್ತದೆ. ಪಿಸ್ಟನ್ನೂ ವಾಲ್ವೂ ಡಿಕ್ಕಿ ಹೊಡೆಯುವ ಅಪಾಯವಿದೆ. ಕ್ಯಾಮ್ ಶಾಫ್ಟುಗಳನ್ನು ಹಿಡಿಯುವ ಪಟ್ಟಿ, ಕ್ರ್ಯಾಂಕನ್ನು ನಿಲ್ಲಿಸುವ ಪಿನ್ನು ಮತ್ತು ಹೊಸ ಬೋಲ್ಟ್ ಕೈಯಲ್ಲಿಲ್ಲದೆ ಅದನ್ನು ಮುಟ್ಟಬೇಡಿ. ಎರಡನೆಯದು, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮೂಲ ಪ್ಲಾಸ್ಟಿಕ್ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗಿನ ಚಿಕ್ಕ ರೆಕ್ಕೆಗಳು ಸವೆದು ಮುರಿದು ಸಿಲಿಂಡರಿನೊಳಕ್ಕೆ ಹೋದ ಉದಾಹರಣೆಗಳಿವೆ. ಆ ಮ್ಯಾನಿಫೋಲ್ಡ್ ನಿಮ್ಮ ಕಾರಿನಲ್ಲಿ ಹೇಗೂ ಹಿಡಿಸುವುದಿಲ್ಲವಾದ್ದರಿಂದ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಥ್ರಾಟಲ್ ಬಾಡಿ ಹಾಕುವುದು ಒಳ್ಳೆಯದು. ಆದರೆ ಕೊಳ್ಳುವ ಎಂಜಿನ್ನಿನಿಂದ ಯಾವ ರೆಕ್ಕೆಯೂ ಕಾಣೆಯಾಗಿಲ್ಲ ಎಂಬುದನ್ನು ಮ್ಯಾನಿಫೋಲ್ಡ್ ಬಿಚ್ಚಿ ಎಣಿಸಿಕೊಳ್ಳಿ.

ಕಾರ್ಬ್ಯುರೇಟರಿಗೆ ಪೆಟ್ರೋಲ್ ಒತ್ತಡ 0.3 ಬಾರ್ ಒಳಗೆ ಸಾಕಾಗುತ್ತಿತ್ತು, ಇಂಜೆಕ್ಷನ್ನಿಗೆ ಸುಮಾರು 3 ಬಾರ್ ಬೇಕು. ಹಳೆಯ ರಬ್ಬರ್ ಕೊಳವೆಗಳೂ ಸಾಧಾರಣ ಕ್ಲಿಪ್ಪುಗಳೂ ಆ ಒತ್ತಡಕ್ಕೆ ಆಗುವುದಿಲ್ಲ. ಒಂದು ಸೋರಿಕೆ ಬಿಸಿ ಎಕ್ಸಾಸ್ಟಿನ ಮೇಲೆ ಪೆಟ್ರೋಲ್ ಸಿಂಪಡಿಸುತ್ತದೆ. ಪೂರ್ತಿ ಹೊಸ ಲೈನು, ಟ್ಯಾಂಕಿಗೆ ಹಿಂದಿರುಗುವ ಇನ್ನೊಂದು ಲೈನು, ತಿರುವುಗಳಲ್ಲಿ ಪಂಪು ಗಾಳಿ ಹೀರದಂತೆ ನಡುವೆ ಸ್ವರ್ಲ್ ಪಾಟ್ ಎಂಬ ಒಂದು ಚಿಕ್ಕ ಪೆಟ್ರೋಲ್ ಡಬ್ಬಿ, ಅಪಘಾತವಾದರೆ ಪಂಪನ್ನು ನಿಲ್ಲಿಸುವ ಸ್ವಿಚ್ಚು ಇವೆಲ್ಲ ಬೇಕು. ಎಂಜಿನ್ನಿನ ಮೂಲ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಚಿಕ್ಕ ಕಂಪ್ಯೂಟರ್), ಸರಿಯಾದ ಕೀಲಿಯಿಲ್ಲದೆ ಕಾರು ಸ್ಟಾರ್ಟ್ ಆಗದಂತೆ ತಡೆಯುವ ಇಮೊಬಿಲೈಜರಿಗೆ ಕಟ್ಟಿಕೊಂಡಿರುವುದರಿಂದ ಅದರ ಜೊತೆ ಸೆಣಸುವುದಕ್ಕಿಂತ ಪ್ರತ್ಯೇಕವಾಗಿ ಟ್ಯೂನ್ ಮಾಡಬಹುದಾದ ಇಸಿಯು ಹಾಕುವುದು ಸುಲಭ. 36 ಹಲ್ಲುಗಳಲ್ಲಿ ಒಂದನ್ನು ಬಿಟ್ಟ ಫೋರ್ಡ್‌ನ ಕ್ರ್ಯಾಂಕ್ ಸಂಕೇತ ಚಕ್ರವನ್ನು ಅಂಥ ಹೆಚ್ಚಿನ ಇಸಿಯುಗಳು ಓದಬಲ್ಲವು.

ತಂಪಿನ ವಿಷಯದಲ್ಲಿ ಒಂದೇ ಮಾತು. ಅಡ್ಡ ಎಂಜಿನ್ನುಗಳ ಬಿಸಿನೀರಿನ ಬಾಯಿ ಸಾಮಾನ್ಯವಾಗಿ ಗೇರ್‌ಬಾಕ್ಸ್ ತುದಿಯಲ್ಲಿರುತ್ತದೆ. ತಿರುಗಿಸಿದ ಮೇಲೆ ಅದು ಹಿಂಗೋಡೆಗೆ ಮುಖ ಮಾಡುತ್ತದೆ, ರೇಡಿಯೇಟರ್ ಮಾತ್ರ ಮೂಗಿನಲ್ಲಿ, ಎಂಜಿನ್ನಿನ ತಲೆಗಿಂತ ತಗ್ಗಿನಲ್ಲಿ ಇರುತ್ತದೆ. ನೀರಿನ ಟ್ಯಾಂಕು ಇಡೀ ವ್ಯವಸ್ಥೆಯಲ್ಲಿ ಅತಿ ಎತ್ತರದ ಜಾಗದಲ್ಲಿರಲಿ, ಹೆಡ್ಡಿನ ಮೇಲ್ತುದಿಯಿಂದ ಅದಕ್ಕೆ ಗಾಳಿ ಹೋಗಲು ತೆಳು ಕೊಳವೆಯೊಂದು ಸದಾ ಏರುಮುಖವಾಗಿ ಸಾಗಲಿ.

ಈಗ ಹಯಾಬುಸಾ. 1340 ಸಿಸಿಯ ಆ ಎಂಜಿನ್ ಅದ್ಭುತವಾದದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಗೇರ್‌ಬಾಕ್ಸ್ ಒಳಗೇ ಇರುವುದರಿಂದ ಒಟ್ಟು ತೂಕ ಕಡಿಮೆ, ಆರು ಗೇರುಗಳು ಒಂದಾದ ಮೇಲೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತವೆ. ಟ್ರ್ಯಾಕಿಗೆಂದೇ ಮೀಸಲಾದ ಕಾರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅದಕ್ಕೆ ರಿವರ್ಸ್ ಗೇರಿಲ್ಲ. ಅದರ ಕ್ಲಚ್ ನಿಮ್ಮ ಕಾರಿನ ಅರ್ಧಕ್ಕಿಂತ ಕಡಿಮೆ ತೂಕದ ವಾಹನಕ್ಕಾಗಿ ಮಾಡಿದ್ದು. ಏರಿನಲ್ಲಿ ನಿಂತು ಹೊರಡುವಾಗ, ಸಂದಣಿಯಲ್ಲಿ ತೆವಳುವಾಗ ಅದು ಬೇಗ ಸವೆಯುತ್ತದೆ. ಕ್ಲಚ್ಚೂ ಗೇರೂ ಎಂಜಿನ್ ಆಯಿಲಿನಲ್ಲೇ ಮುಳುಗಿರುವುದರಿಂದ ಸವೆದದ್ದೆಲ್ಲ ಅದೇ ಆಯಿಲಿಗೆ ಸೇರುತ್ತದೆ. ಬೈಕು ತಿರುವಿನಲ್ಲಿ ವಾಲುವುದರಿಂದ ಅದರ ಸಂಪ್‌ನಲ್ಲಿ ಆಯಿಲ್ ತಳದಲ್ಲೇ ಇರುತ್ತದೆ, ಕಾರು ವಾಲುವುದಿಲ್ಲ. ಮೇಲೆ ಹೇಳಿದ 45 ಡಿಗ್ರಿಯ ಸಮಸ್ಯೆ ಇಲ್ಲಿ ಇನ್ನೂ ತೀವ್ರ. ನಿಮ್ಮ ಗೆಳೆಯರ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಹೆಚ್ಚಾಗಿ ರಸ್ತೆಯಲ್ಲೇ ಓಡುವ ಕಾರಿಗೆ ಅದು ತಕ್ಕದ್ದಲ್ಲ.

ಕೆಲಸದ ಕ್ರಮ ಹೀಗಿರಲಿ. ಖಾಲಿ ಬ್ಲಾಕಿನಿಂದ ಅಳತೆ ಮುಗಿಸಿ, ಬಳಿಕ ಬೆಲ್ ಹೌಸಿಂಗ್ ಮತ್ತು ಗೇರ್‌ಬಾಕ್ಸ್, ಬಳಿಕ ಸಂಪ್, ಕೊನೆಗೆ ಎಂಜಿನ್ ಕೊಳ್ಳಿ. ಮೌಂಟಿಂಗ್‌ಗಳನ್ನು ಚಾಸಿಯ ಕೊಳವೆಯೊಂದರ ನಟ್ಟನಡುವೆ ಬೆಸೆಯಬೇಡಿ, ಕೊಳವೆಗಳು ಕೂಡುವ ಸಂದಿಯ ಹತ್ತಿರ ಬೆಸೆಯಿರಿ; ತೆಳು ಕೊಳವೆ ನಡುವಿನಲ್ಲಿ ಬಾಗುತ್ತದೆ, ಕೂಡುವಲ್ಲಿ ಬಾಗುವುದಿಲ್ಲ. ಗೇರ್‌ಬಾಕ್ಸಿನ ಹಿಂತುದಿ ಮತ್ತು ಆಕ್ಸಲಿನ ಮೂತಿ ಪರಸ್ಪರ ಸಮಾನಾಂತರವಾಗಿದ್ದು, ಪ್ರೊಪೆಲ್ಲರ್ ಶಾಫ್ಟಿನ ಎರಡೂ ಜಾಯಿಂಟುಗಳು 1ರಿಂದ 3 ಡಿಗ್ರಿಯಷ್ಟು ಸಮನಾಗಿ ಬಾಗಿರುವಂತೆ ನೋಡಿಕೊಂಡ ಮೇಲೆಯೇ ಬೆಸುಗೆ ಪೂರ್ತಿ ಮಾಡಿ. ಎಂಜಿನ್ ಬದಲಾವಣೆಯನ್ನು ನೋಂದಣಿ ಪ್ರಾಧಿಕಾರಕ್ಕೂ ವಿಮಾ ಕಂಪನಿಗೂ ತಿಳಿಸುವುದು, ಹೊಗೆ ಪರೀಕ್ಷೆಯ ನಿಯಮ ಯಾವುದು ಅನ್ವಯಿಸುತ್ತದೆ ಎಂದು ಕೇಳುವುದು ಕೆಲಸಕ್ಕೆ ಮೊದಲೇ ಆಗಬೇಕು. ಬ್ರೇಕುಗಳು ಹಳೆಯ ಎಂಜಿನ್ನಿಗೆ ಸಾಕಾಗಿದ್ದವು ಎಂದು ಹಾಗೆಯೇ ಬಿಡಬೇಡಿ.

ಮೊದಲ ಬಾರಿ ಸ್ಟಾರ್ಟ್ ಮಾಡುವ ಮುನ್ನ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಇಂಜೆಕ್ಟರುಗಳ ಸಂಪರ್ಕ ಕಳಚಿ, ಆಯಿಲ್ ಒತ್ತಡದ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ. ಮೊದಲ 50 ಕಿಲೋಮೀಟರ್ ಓಡಿಸಿ ಬಂದು ತಣ್ಣಗಾದ ಮೇಲೆ ಮೌಂಟಿಂಗ್, ಬೆಲ್ ಹೌಸಿಂಗ್ ಮತ್ತು ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನೆಲ್ಲ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ, ಪೆಟ್ರೋಲ್ ಜಾಯಿಂಟುಗಳನ್ನು ಒಣ ಬಟ್ಟೆಯಿಂದ ಒರೆಸಿ ವಾಸನೆ ನೋಡಿ. ಹೊಸ ಎಂಜಿನ್ ಒಂದೆರಡು ತಿಂಗಳು ಸರಿಯಾಗಿ ಓಡುವವರೆಗೆ ಹಳೆಯ ಕ್ರಾಸ್‌ಫ್ಲೋವನ್ನು, ಅದರ ಮೌಂಟಿಂಗ್ ಮತ್ತು ಕ್ಲಚ್ ಸಮೇತ, ಮಾರದೆ ಇಟ್ಟುಕೊಳ್ಳಿ.